ನಾಗತಿಕಟ್ಟೆ ಶಾಲೆಯ ಹಾರ್ಡ್ ಡಿಸ್ಕ್

ಟಿಕ್, ಟಿಕ್, ಟಿಕ್. ಆಮೇಲೆ ಒಂದು ಸಣ್ಣ ನಿಟ್ಟುಸಿರು. ಆಮೇಲೆ ಎಲ್ಲಾ ದೀಪಗಳೂ ಒಟ್ಟಿಗೆ ಆರಿಹೋದವು.

"ಸತ್ತೋತೇನಲೇ?" ಅಂದಳು ಶೈಲಶ್ರೀ.

"ಸತ್ತಿಲ್ಲಕ್ಕ. ಡಿಸ್ಕ್ ತಿರುಗಾಕ ಕರೆಂಟ್ ಸಾಲವಲ್ದು," ಅಂದ ತಮ್ಮ ಹಂಪೇಶ. ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಕೆಟ್ಟ ಯಂತ್ರಗಳನ್ನು ನೋಡಿ ನೋಡಿ ಅವನಿಗೆ ಯಾವುದಕ್ಕೂ ಗಾಬರಿ ಅನ್ನುವುದೇ ಇರಲಿಲ್ಲ. ಶೈಲಶ್ರೀಗೆ ಮೈ ಉರಿಯುತ್ತಿದ್ದದ್ದೇ ಅದಕ್ಕೆ. ಮನೆಗೆ ಬೆಂಕಿ ಬಿದ್ದರೂ ಈ ಪುಣ್ಯಾತ್ಮ ಮೊದಲು ಚಾ ಕುಡಿದು ಆಮೇಲೆ ಕೊಡ ಹುಡುಕುವವನು.

"ಬೆಳಿಗ್ಗಿಂದ ನಾಕನೇ ಸಲ ಇದನ್ನ ಹೇಳಾಕತ್ತಿ. ಸಾಹೇಬ್ರ ಮುಂದ ನಿಂದ್ರಾಕ ಇನ್ನ ಎಷ್ಟು ದಿನ ಐತಿ, ಗೊತ್ತೈತೇನು ನಿನಗ?"

"ಒಂದು ತಿಂಗಳ ಐತಿ ತಗಾ."

"ಇಪ್ಪತ್ತೇಳು ದಿನ! ಅದರಾಗ ಹದಿನೈದು ದಿನ ಇದು ಓಡಬೇಕು. ನಿನ್ನ ಅಂಗಡ್ಯಾಗಿಂದ ತಂದಿದ್ದು ಯಾವುದು ಹದಿನೈದು ನಿಮಿಷ ಓಡೈತಿ, ಹೇಳು."

ಹಂಪೇಶ ಮತ್ತೆ ವೈರು ಕಿತ್ತು ಮತ್ತೆ ಚುಚ್ಚಿದ. ಟಿಕ್, ಟಿಕ್, ಟಿಕ್.

ನಾಗತಿಕಟ್ಟೆಯ ಸರ್ಕಾರಿ ಪ್ರೌಢಶಾಲೆ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಗಿತ್ತು. ಬದಿಗೆ ಅಂದರೆ ಬದಿಗೇ. ಗೇಟಿನಿಂದ ಒಂದು ಹೆಜ್ಜೆ ಹೊರಗಿಟ್ಟರೆ ಡಾಂಬರು. ಗುಡ್ಡದಿಂದ ಅದಿರು ಹೊತ್ತ ಲಾರಿಗಳು ಒಂದು ಕಡೆಗೆ, ಖಾಲಿಯಾಗಿ ಗುಡ್ಡಕ್ಕೆ ಹೋಗುವ ಲಾರಿಗಳು ಇನ್ನೊಂದು ಕಡೆಗೆ. ಚೀನಾದವರು ಈ ಮಣ್ಣನ್ನು ಕೊಳ್ಳುತ್ತಾರೆ ಅಂತ ಸುದ್ದಿಯಾದದ್ದೇ ತಡ, ಎಮ್ಮೆ ಮಾರಿದವರೂ ಲಾರಿ ಕೊಂಡಿದ್ದರು. ಶಾಲೆಯ ಸುಣ್ಣದ ಗೋಡೆ ಕೆಂಪಾಗಿತ್ತು, ಬೇವಿನ ಮರ ಕೆಂಪಾಗಿತ್ತು, ಬಿಳಿ ಸಮವಸ್ತ್ರವನ್ನು ಎಷ್ಟು ಒಗೆದರೂ ಇಟ್ಟಿಗೆ ಬಣ್ಣ ಹೋಗುತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಹತ್ತು, ಸಂಜೆ ನಾಲ್ಕರಿಂದ ಐದು ಲಾರಿ ಓಡಿಸುವುದಿಲ್ಲ ಅಂತ ಮಾಲೀಕರ ಸಂಘದವರು ಹೋದ ವರ್ಷವೇ ಬಾಯಿಮಾತಿನಲ್ಲಿ ಒಪ್ಪಿದ್ದರು. ಒಪ್ಪಿದ ದಿನ ಶಾಲೆಗೆ ಬಂದು ಪೇಡೆ ಹಂಚಿ ಫೋಟೋ ತೆಗೆಸಿಕೊಂಡೂ ಹೋಗಿದ್ದರು. ಮರುದಿನ ಒಂಬತ್ತೂಕಾಲಿಗೆ ಶೈಲಶ್ರೀ ಗೇಟಿನಲ್ಲಿ ನಿಂತು ಎಣಿಸಿದಾಗ ನಲವತ್ತೊಂದು ಲಾರಿ.

ದೀಪಾವಳಿ ಮುಗಿದ ಮರುವಾರ ಹತ್ತನೇ ತರಗತಿಯ ಸ್ನೇಹಾ ಸೈಕಲ್ ಮೇಲೆ ಬರುತ್ತಿದ್ದಾಗ ಹಿಂದಿನಿಂದ ಬಂದ ಲಾರಿ ಸೈಕಲ್ಲನ್ನು ನುಂಗಿಬಿಟ್ಟಿತು. ಹುಡುಗಿ ಮೋರಿಗೆ ಹಾರಿಕೊಂಡು ಉಳಿದಳು. ಸೈಕಲ್ ಮಾತ್ರ ರಸ್ತೆಗೆ ಅಂಟಿಕೊಂಡಿತ್ತು. ಲಾರಿಯವನು ನಿಲ್ಲಿಸಲೂ ಇಲ್ಲ. ಅವತ್ತಿನಿಂದ ಅವಳ ತಾಯಿ ದ್ಯಾಮಕ್ಕ ಮಗಳನ್ನು ಶಾಲೆಗೆ ಕಳಿಸುವುದನ್ನು ಬಿಟ್ಟಳು.

ಶೈಲಶ್ರೀ ಆ ಶಾಲೆಯ ವಿಜ್ಞಾನದ ಟೀಚರು. ಸ್ನೇಹಾ ಅವಳ ಕ್ಲಾಸಿನಲ್ಲಿ ಪ್ರಶ್ನೆ ಕೇಳುವ ಒಬ್ಬಳೇ ಹುಡುಗಿ. ಶೈಲಶ್ರೀ ಮೂರು ಸಲ ಅವರ ಮನೆಗೆ ಹೋಗಿ ಬೇಡಿಕೊಂಡಳು. ಕಂಡವರ ಹೊಲದಲ್ಲಿ ಕಳೆ ತೆಗೆದು ಬಂದು ಕೈಕಾಲು ತೊಳೆಯುತ್ತಿದ್ದ ದ್ಯಾಮಕ್ಕ ಮೂರು ಸಲವೂ ಒಂದೇ ಮಾತು ಹೇಳಿದಳು.

"ಟೀಚರ್, ನನಗ ಇರೋದು ಒಂದ ಮಗಳು. ಸಾಲಿ ಹೊತ್ತಿನ್ಯಾಗ ಲಾರಿ ಓಡಂಗಿಲ್ಲ ಅಂತ ಆಗ್ಲಿ, ಅವತ್ತ ಕಳಸ್ತೀನಿ. ಅಲ್ಲಿತನ ನೀವು ಕಾಲಿಗೆ ಬಿದ್ದರೂ ಕಳಸಂಗಿಲ್ಲ."

"ಹಾಜರಿ ಕಮ್ಮಿ ಆದ್ರ ಪರೀಕ್ಷೆಗೆ ಕುಂದ್ರಸಂಗಿಲ್ಲ ದ್ಯಾಮಕ್ಕ. ಜನವರಿ ಮೊದಲ್ನೇ ವಾರ ದಾಟಿತಂದ್ರ ಮುಗೀತು. ಹಾಲ್ ಟಿಕೆಟ್ ಬರಂಗಿಲ್ಲ ಅಕಿಗೆ."

"ಹಾಲ್ ಟಿಕೆಟ್ ಇದ್ದು ಹುಡುಗಿನ ಇಲ್ಲಂದ್ರ?"

ಶೈಲಶ್ರೀ ಸಿಟ್ಟಿನಲ್ಲಿ ಶಾಲೆಯ ಹೊತ್ತಿನಲ್ಲಿ ಲಾರಿ ನಿಲ್ಲಿಸಿ ಅಂತ ಹೊಸಪೇಟೆಯ ಸಹಾಯಕ ಕಮಿಷನರರ ಕಚೇರಿಗೆ ಅರ್ಜಿ ಬರೆದಳು. ವಿಚಾರಣೆಗೆ ಡಿಸೆಂಬರ್ ಇಪ್ಪತ್ನಾಲ್ಕು ಅಂತ ದಿನ ಗೊತ್ತಾಯಿತು. ಅಲ್ಲಿನ ಸಾಹೇಬರು ಕೆಟ್ಟವರೇನಲ್ಲ. "ನೀವು ಓಡ್ತಾವೆ ಅಂತೀರಿ, ಅವರು ಓಡಲ್ಲ ಅಂತಾರೆ. ಹದಿನೈದು ದಿನದ ದಾಖಲೆ ತನ್ನಿ, ಒಂದು ದಿನಾನೂ ಬಿಡಬಾರದು. ಆಮೇಲೆ ಆರ್ಡರ್ ಮಾಡೋದು ನನಗೆ ಬಿಡಿ," ಅಂದಿದ್ದರು.

ಹದಿನೈದು ದಿನ ರಸ್ತೆಯ ಫೋಟೋ ತೆಗೆಯುವುದು ಹೇಗೆ? ಹಂಪೇಶನ ಹತ್ತಿರ ಅವನು ಪತ್ರಿಕೆಯಲ್ಲಿ ಓದಿ ಖುಷಿಗೆ ತರಿಸಿಕೊಂಡಿದ್ದ ಒಂದು ಬೋರ್ಡಿತ್ತು. ಅಂಗೈ ಮೇಲಿಟ್ಟರೆ ಬೆರಳು ಹೊರಗೆ ಕಾಣುವಷ್ಟು ಚಿಕ್ಕದು. ಪೆಟ್ಟಿಗೆಯಿಲ್ಲ, ಪರದೆಯಿಲ್ಲ, ಆದರೂ ಅದೇ ಇಡೀ ಕಂಪ್ಯೂಟರಂತೆ. ಅದಕ್ಕೊಂದು ಕ್ಯಾಮೆರಾ ಸಿಕ್ಕಿಸಿ ವಿಜ್ಞಾನದ ಕೋಣೆಯ ಕಿಟಕಿಯಲ್ಲಿಟ್ಟರು. ಎರಡೆರಡು ಸೆಕೆಂಡಿಗೆ ಒಂದು ಫೋಟೋ ತೆಗೆಯತೊಡಗಿತು. ಶೈಲಶ್ರೀ ತಮ್ಮನ ಬೆನ್ನು ತಟ್ಟಿ ಮಿರ್ಚಿ ಕೊಡಿಸಿದಳು. ಸಂಜೆಗೆ ಬೋರ್ಡು ನಿಂತಿತ್ತು. ಅದರ ಹೊಟ್ಟೆಯಲ್ಲಿದ್ದ ಮೆಮೊರಿ ಕಾರ್ಡ್ ಉಗುರಿನಷ್ಟು. ಒಂದು ದಿನದ ಫೋಟೋಗೇ ತುಂಬಿಹೋಗಿತ್ತು. ಹದಿನೈದು ದಿನದ ಫೋಟೋ ಹಿಡಿಸಬೇಕೆಂದರೆ ದೊಡ್ಡ ಹಾರ್ಡ್ ಡಿಸ್ಕ್ ಜೋಡಿಸಬೇಕು. "ಭಾಳ ಈಜಿ ಅಕ್ಕ, ವೈರ್ ಚುಚ್ಚಿದ್ರ ಆತು," ಅಂದಿದ್ದ ಹಂಪೇಶ.

ಆ ಈಜಿ ಕೆಲಸವೇ ಈಗ ಟಿಕ್ ಟಿಕ್ ಅನ್ನುತ್ತಿತ್ತು.

"ನೋಡಕ್ಕ, ಬೋರ್ಡಿಂದ ಬರೋ ಕರೆಂಟು ಕ್ಯಾಮೆರಾಕ್ಕ ಸಾಕು. ಡಿಸ್ಕಿನ್ಯಾಗ ಚಕ್ರ ತಿರುಗ್ತೈತಿ. ಅದು ಶುರು ಆಗೋ ಮುಂದ ಜಾಸ್ತಿ ಎಳೀತೈತಿ. ಎಳದ ಕೂಡ್ಲೆ ಬೋರ್ಡ ಮಲಗತೈತಿ. ನಡುವೆ ಒಂದು ಹಬ್ ಬೇಕು, ಅದಕ್ಕ ಬ್ಯಾರೆ ಕರೆಂಟ್ ಇರ್ಬೇಕು."

"ಈ ಮಾತು ಮೊದ್ಲ ದಿನ ಗೊತ್ತಿರ್ಲಿಲ್ಲೇನು ನಿನಗ?"

"ಗೊತ್ತಿತ್ತು. ಆದ್ರ ಓಡಬೌದು ಅನಿಸ್ತು."

ಅನಿಸಿತಂತೆ! ಶೈಲಶ್ರೀ ಕೈಯಲ್ಲಿದ್ದ ಸೀಮೆಸುಣ್ಣವನ್ನು ಪಟ್ಟನೆ ಮುರಿದಳು. ಈ ಊರಿನಲ್ಲಿ ಎಲ್ಲರೂ ಅನಿಸಿದ್ದರ ಮೇಲೇ ಬದುಕುತ್ತಾರೆ. ಬ್ರೇಕು ಹಿಡಿಯಬಹುದು ಅನಿಸುತ್ತದೆ, ಹುಡುಗಿ ಪಕ್ಕಕ್ಕೆ ಸರಿಯಬಹುದು ಅನಿಸುತ್ತದೆ.

ಅಂಥ ಹಬ್ಬು ಹೊಸಪೇಟೆಯಲ್ಲಿ ಒಂದೂ ಸಿಗಲಿಲ್ಲ. ಒಂದು ಅಂಗಡಿಯವನು ಬಳ್ಳಾರಿ ಅಂದ, ಬಳ್ಳಾರಿಯವನು ಫೋನಿನಲ್ಲಿ ಬೆಂಗಳೂರು ಅಂದ. ಅದಿರು ಕಾರ್ಖಾನೆಗೆ ಬೇಕಾದ ರಾಕ್ಷಸ ಗಾತ್ರದ ಬೋಲ್ಟು ಬೇಕೆಂದರೆ ಹತ್ತು ನಿಮಿಷಕ್ಕೆ ಸಿಗುವ ಪೇಟೆಯಲ್ಲಿ ನಾಲ್ಕು ತೂತಿನ ಒಂದು ಡಬ್ಬಿ ಸಿಗಲಿಲ್ಲ. ಮೂರು ದಿನ ಹಾಳಾಯಿತು. ನಾಲ್ಕನೇ ದಿನ ಹಂಪೇಶನಿಗೆ ಯಾರೋ ಹೇಳಿದರು: ಹಂಪಿಯಲ್ಲಿ ಗೆಸ್ಟ್ ಹೌಸ್ ನಡೆಸುವ ಎರ್ರೆಪ್ಪನ ಹತ್ತಿರ ಒಂದಿದೆ, ಯಾವನೋ ಬಿಳಿಯ ಬಿಟ್ಟುಹೋದದ್ದು, ಎರ್ರೆಪ್ಪ ಅದರಲ್ಲಿ ಅತಿಥಿಗಳ ಮೊಬೈಲ್ ಚಾರ್ಜಿಗೆ ಹಾಕುತ್ತಾನೆ.

ಶಾಲೆ ಬಿಟ್ಟ ಮೇಲೆ ಅಕ್ಕ ತಮ್ಮ ಇಬ್ಬರೂ ಬೈಕಿನಲ್ಲಿ ಹಂಪಿಗೆ ಹೋದರು. ಎರ್ರೆಪ್ಪ ಹಬ್ಬನ್ನು ಕೊಡಲು ತಯಾರಿರಲಿಲ್ಲ. ಅದಿದ್ದರೇ ತನಗೆ ಗಿರಾಕಿ ಅಂದ. ಇಸ್ರೇಲಿನವರು ಅದನ್ನು ನೋಡಿಯೇ ರೂಮು ಹಿಡಿಯುತ್ತಾರೆ ಅಂದ. ಶೈಲಶ್ರೀ ಸೈಕಲ್ಲಿನ ಕಥೆ ಹೇಳಿದಳು. ಹೇಳುತ್ತ ಹೇಳುತ್ತ ದನಿ ಏರಿ, ಅಲ್ಲಿ ಕೂತು ಬಾಳೆಹಣ್ಣಿನ ದೋಸೆ ತಿನ್ನುತ್ತಿದ್ದ ವಿದೇಶಿಯರೆಲ್ಲ ತಟ್ಟೆ ಕೆಳಗಿಟ್ಟು ನೋಡತೊಡಗಿದರು.

"ಒಯ್ಯಿರಿ ತಾಯಿ, ಒಯ್ಯಿರಿ," ಅಂದ ಎರ್ರೆಪ್ಪ, "ಮದ್ಲ ದನಿ ಇಳಸ್ರಿ. ಗಿರಾಕಿ ಓಡಿ ಹೋಗ್ತಾರ."

ಹಬ್ ಬಂತು. ಡಿಸ್ಕ್ ಟಿಕ್ ಅನ್ನಲಿಲ್ಲ. ಸಣ್ಣಗೆ ಗುಂಯ್ ಅಂತ ತಿರುಗಿತು. ಶೈಲಶ್ರೀಗೆ ಆ ಸದ್ದು ಕೇಳಿ ಎದೆ ತಣ್ಣಗಾಯಿತು. ಸಂಜೆ ಮನೆಗೆ ಹೋಗುವಾಗ ಜವಾನ ಅಂಜಿನಯ್ಯನನ್ನು ಕರೆದು, "ಇದನ್ನ ಯಾರೂ ಮುಟ್ಟಬಾರ್ದು. ಹುಷಾರಾಗಿ ನೋಡಿಕೊಳ್ರಿ," ಅಂತ ಹೇಳಿ ಹೋದಳು.

ಹುಷಾರಾಗಿ ನೋಡಿಕೊಳ್ಳಿ ಅಂದದ್ದೇ ತಪ್ಪಾಯಿತು. ಎರಡು ದಿನ ಬಿಟ್ಟು ಹಂಪೇಶ ಬಂದು ನೋಡಿದರೆ ಡಿಸ್ಕ್ ನಿಂತಿದೆ. ಬರೀ ನಿಂತಿಲ್ಲ, ಕಾಣುತ್ತಲೇ ಇಲ್ಲ. ಅಂಜಿನಯ್ಯ ಅದನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದರ ಮೇಲೆ ಇನ್ನೊಂದು ಚೀಲ ಹಾಕಿ, ಮೇಲೆ ಹಳೇ ಟವೆಲ್ ಸುತ್ತಿ, ದಾರದಿಂದ ಬಿಗಿದು ಕಟ್ಟಿಟ್ಟಿದ್ದ. ಬಿಚ್ಚಲು ಹೋದ ಹಂಪೇಶ "ಅಯ್ಯಯ್ಯೋ" ಅಂತ ಬೆರಳನ್ನು ಬಾಯಿಗಿಟ್ಟುಕೊಂಡ. ರೊಟ್ಟಿಯ ಹಂಚಿನಷ್ಟು ಕಾದಿತ್ತು.

"ಏನ್ರಿ ಅಂಜಿನಯ್ಯ ಇದು?" ಅಂತ ಶೈಲಶ್ರೀ ಕಿರುಚಿದಳು.

"ಧೂಳು ಮೇಡಂ," ಅಂದ ಅವನು, ಬೈಗುಳ ಯಾಕೆ ಅಂತ ಅರ್ಥವಾಗದೆ. "ನಮ್ಮ ಮನ್ಯಾಗ ಟಿವಿನೂ ಹಿಂಗ ಕಟ್ಟಿಡ್ತೀವಿ. ಮಿಕ್ಸಿನೂ ಕಟ್ಟಿಡ್ತೀವಿ. ಹುಷಾರಾಗಿ ನೋಡಿಕೊಳ್ಳಂತ ನೀವ ಹೇಳಿದ್ರಿ."

ಸುಳ್ಳಲ್ಲ. ಈ ಸೀಮೆಯಲ್ಲಿ ಬಟ್ಟೆ ಹೊದೆಯದ ವಸ್ತುವೇ ಇಲ್ಲ. ಫ್ರಿಜ್ಜಿಗೆ ಸೀರೆ, ಟಿವಿಗೆ ಬೆಡ್‌ಶೀಟು, ನೀರಿನ ಕೊಡಕ್ಕೆ ಮೂರು ಪದರದ ಪಂಚೆ. ಶೈಲಶ್ರೀ ತನ್ನ ಮನೆಯ ಹೊಲಿಗೆ ಯಂತ್ರಕ್ಕೆ ತಾನೇ ಚೀಲ ಹೊಲಿದು ಹಾಕಿದ್ದಳು. ಆ ಮುದುಕನನ್ನು ಬೈಯುವ ಬಾಯಿ ಅಲ್ಲಿಗೆ ಕಟ್ಟಿಹೋಯಿತು. ಆದರೆ ಸಿಟ್ಟು ಎಲ್ಲಾದರೂ ಹೋಗಬೇಕಲ್ಲ, ಹಂಪೇಶನ ಮೇಲೆ ಹೋಯಿತು. "ಮುಚ್ಚಬ್ಯಾಡ್ರಿ ಅಂತ ಒಂದು ಚೀಟಿ ಅಂಟಿಸಾಕ ಏನಾಗಿತ್ತಲೇ ನಿನಗ?"

ಚೀಟಿ ಅಂಟಿಸಿದ. ಡಿಸ್ಕ್ ತಣ್ಣಗಾದ ಮೇಲೆ ದೇವರ ದಯೆಯಿಂದ ಮತ್ತೆ ತಿರುಗಿತು. ಮತ್ತೆ ಮೊದಲ ದಿನ ಅಂತ ಎಣಿಸಿದರು. ಹಂಪೇಶ ಹೆಂಡತಿಯ ತಂಗಿಯ ಮದುವೆಗೆ ಕಂಪ್ಲಿಗೆ ಹೋದ. ಹೋದವನು ಮದುವೆ ಮುಗಿಸಿ, ಬೀಗರೂಟ ಮುಗಿಸಿ, ಐದು ದಿನ ಅಲ್ಲೇ ಕೂತ. ಶೈಲಶ್ರೀ ದಿನಾ ಕಿಟಕಿಯ ಹತ್ತಿರ ಹೋಗಿ, ದೀಪ ಮಿಣುಕುವುದನ್ನು ನೋಡಿ, ಗುಂಯ್ ಅನ್ನುವುದನ್ನು ಕೇಳಿ ಬರುತ್ತಿದ್ದಳು. ಸಾಹೇಬರ ಮುಂದೆ ಏನು ಹೇಳಬೇಕು ಅಂತ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಭಾಷಣ ಕಟ್ಟುತ್ತಿದ್ದಳು.

ಐದನೇ ದಿನದ ಸಂಜೆ ಹಂಪೇಶ ಬಂದು ಡಿಸ್ಕನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದ. ನೋಡಿ ಸುಮ್ಮನಾದ. ಅವನು ಸುಮ್ಮನಾದರೆ ಏನೋ ಕೆಟ್ಟಿದೆ ಅಂತಲೇ ಲೆಕ್ಕ.

"ಹೇಳು," ಅಂದಳು.

"ಬೈಬಾರ್ದು."

"ಹೇಳಲೇ!"

"ಒಂದ ದಿನದ್ದು ಐತಿ ಅಕ್ಕ. ಇವತ್ತಿಂದು ಅಷ್ಟ."

ಆದದ್ದು ಇಷ್ಟು. ಆ ಬೋರ್ಡಿಗೆ ಗಡಿಯಾರದ ಸೆಲ್ಲಿಲ್ಲ. ಕರೆಂಟ್ ಹೋಗಿ ಬಂದ ಕೂಡಲೇ ಅದು ಹುಟ್ಟಿದ ಕೂಸಿನ ಹಾಗೆ ಎಲ್ಲಾ ಮರೆತು, ಇವತ್ತು ಎರಡು ಸಾವಿರದ ಇಸವಿ ಜನವರಿ ಒಂದು, ಹೊತ್ತು ಸೊನ್ನೆ ಗಂಟೆ ಅಂದುಕೊಳ್ಳುತ್ತದೆ. ತೆಗೆದ ಫೋಟೋಗಳಿಗೆ ಹೊತ್ತಿನ ಹೆಸರನ್ನೇ ಇಡುತ್ತದೆ. ನಾಗತಿಕಟ್ಟೆಯಲ್ಲಿ ಕರೆಂಟು ದಿನಾ ಹೋಗುತ್ತದೆ. ಹಾಗಾಗಿ ದಿನಾ ಅದೇ ಹೆಸರಿನ ಹೊಸ ಫೋಟೋ ಬಂದು ನಿನ್ನೆಯ ಫೋಟೋದ ಮೇಲೆ ಕೂತು ಅದನ್ನು ಅಳಿಸಿಹಾಕಿತ್ತು. ಐದು ದಿನ ಗುಂಯ್ ಅಂದದ್ದೆಲ್ಲ ಬರೆದು ಒರೆಸಿ, ಬರೆದು ಒರೆಸಿ ಮಾಡಿದ ಸದ್ದು.

ಶೈಲಶ್ರೀ ಬೈಯಲಿಲ್ಲ. ಬೆಂಚಿನ ಮೇಲೆ ಕೂತಳು. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, "ಆ ಹುಡುಗಿ ನಿನಗೇನು ಅನ್ಯಾಯ ಮಾಡಿತ್ತಲೇ ಹಂಪ್ಯಾ?" ಅಂತ ಮೆಲ್ಲಗೆ ಕೇಳಿದಳು. ಆ ಮಾತಿಗೆ ಹಂಪೇಶನ ಮುಖ ಸಣ್ಣದಾಯಿತು. ಬೈದಿದ್ದರೇ ಅವನಿಗೆ ಸುಖವಿತ್ತು. ಅಲ್ಲೇ ಕೂತು ಫೋಟೋಗಳಿಗೆ ಹೊತ್ತಿನ ಹೆಸರು ತೆಗೆದು ಒಂದು, ಎರಡು, ಮೂರು ಅಂತ ನಂಬರು ಬೀಳುವಂತೆ ಮಾಡಿದ. ಕರೆಂಟ್ ಹೋಗಿ ಬಂದರೂ ಹಿಂದಿನ ನಂಬರು ನೋಡಿಯೇ ಮುಂದಿನದು ಬೀಳಬೇಕು, ಹಾಗೆ. ಐದಾರು ಸಲ ಸ್ವಿಚ್ಚು ಆರಿಸಿ ಹಾಕಿ ನೋಡಿದ. ಒಂದೂ ಅಳಿಯಲಿಲ್ಲ.

"ತಾರೀಖು?" ಅಂದಳು ಶೈಲಶ್ರೀ.

"ತಾರೀಖು ಎರಡು ಸಾವಿರದ ಇಸವಿನ ತೋರಸ್ತೈತಿ. ಅದಕ್ಕ ಸೆಲ್ ಕೂಡಸಬೇಕು, ಬೋರ್ಡಿಗೆ ಬೆಸುಗಿ ಹಾಕಬೇಕು. ಬೆಸುಗಿ ಹಾಕೋ ಮುಂದ ಬೋರ್ಡ ಸುಟ್ಟೋದ್ರ?"

ದಿನ ಎಣಿಸಿದರು. ವಿಚಾರಣೆಗೆ ಸರಿಯಾಗಿ ಹದಿನೈದು ದಿನ ಉಳಿದಿತ್ತು. ಒಂದು ದಿನವೂ ಹೆಚ್ಚಿಲ್ಲ, ಒಂದು ದಿನವೂ ಕಮ್ಮಿಯಿಲ್ಲ.

"ತಾರೀಖು ಹಾಳಾಗೋಗ್ಲಿ. ಮುಟ್ಟಬ್ಯಾಡ ಇನ್ನ ಅದನ್ನ," ಅಂದಳು.

ಆ ಹದಿನೈದು ದಿನ ಶೈಲಶ್ರೀ ಮನುಷ್ಯಳಾಗಿರಲಿಲ್ಲ. ಕಿಟಕಿಯ ಹತ್ತಿರ ಸುಳಿದ ಮಕ್ಕಳಿಗೆ, ಬೆಕ್ಕಿಗೆ, ಒಮ್ಮೆ ಹೆಡ್ಮಾಸ್ತರರಿಗೂ ಗದರಿದಳು. ಎಂಟನೇ ದಿನ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಈ ಕಡೆ ಯಾರೂ ಲಾರಿ ಓಡಿಸುವುದಿಲ್ಲ. ತೊಳೆದು, ಹೂವು ಹಾಕಿ, ಕಾಯಿ ಒಡೆದು ನಿಲ್ಲಿಸುತ್ತಾರೆ. ಎಳ್ಳಮಾಸಿಗಂತೂ ಊರಿಗೆ ಊರೇ ಬುಟ್ಟಿ ಹೊತ್ತುಕೊಂಡು ಹೊಲಕ್ಕೆ ಚರಗ ಚೆಲ್ಲಲು, ಭೂತಾಯಿಗೆ ಅಡುಗೆಯ ಎಡೆ ಎರಚಲು ಹೋಗುತ್ತದೆ. ಅವತ್ತು ಶಾಲೆಗೆ ಬಂದ ಮಕ್ಕಳು ಒಂಬತ್ತು. ರಸ್ತೆ ಬಿಕೋ ಅನ್ನುತ್ತಿತ್ತು. ಇಡೀ ವರ್ಷ ಬಿಟ್ಟು ಈ ಹದಿನೈದು ದಿನದೊಳಗೇ ಬರಬೇಕೇ ಈ ಹಬ್ಬ! ಆ ಕ್ಯಾಮೆರಾ ಅವತ್ತಿಡೀ ದಿನ ಖಾಲಿ ರಸ್ತೆಯ ಫೋಟೋ ತೆಗೆಯಿತು. ಲಾರಿ ಓಡುವುದಿಲ್ಲ ಅಂತ ವಾದಿಸುವವರಿಗೆ ತಾನೇ ಸಾಕ್ಷಿ ಮಾಡಿಕೊಟ್ಟ ಹಾಗಾಯಿತಲ್ಲ ಅಂತ ಶೈಲಶ್ರೀ ಹಲ್ಲು ಕಡಿದಳು.

ವಿಚಾರಣೆಯ ದಿನ ಕಚೇರಿಯ ಕೋಣೆಯಲ್ಲಿ ಸಾಹೇಬರು, ಮೇಜಿನ ಒಂದು ಕಡೆ ಶೈಲಶ್ರೀ, ಹಂಪೇಶ, ಸೈಕಲ್ಲಿನ ವಿಷಯ ಹೇಳಲು ಬಂದ ದ್ಯಾಮಕ್ಕ. ಇನ್ನೊಂದು ಕಡೆ ಲಾರಿ ಮಾಲೀಕರ ಸಂಘದ ಪರವಾಗಿ ಅಂದಾನಪ್ಪ. ಹೊಸಪೇಟೆಯ ಹಳೇ ವ್ಯಾಪಾರದ ಮನೆತನದವರು, ಹಣೆ ತುಂಬಾ ವಿಭೂತಿ, ಇಸ್ತ್ರಿಯ ಬಿಳಿ ಅಂಗಿ. ನಾಗತಿಕಟ್ಟೆ ಶಾಲೆಗೆ ಇಪ್ಪತ್ತು ಬೆಂಚು ಕೊಟ್ಟವರೂ ಅವರೇ. ಅದಕ್ಕೇ ಶೈಲಶ್ರೀಗೆ ಅವರ ಮುಖ ನೋಡಿ ಜಗಳ ಆಡುವುದು ಕಷ್ಟವಾಗುತ್ತಿತ್ತು.

ಹಂಪೇಶ ಡಿಸ್ಕ್ ಜೋಡಿಸಿ ಫೋಟೋ ತೋರಿಸಿದ. ಬಿಳಿ ಅಂಗಿ, ನೀಲಿ ಲಂಗದ ಮಕ್ಕಳು ರಸ್ತೆಯಂಚಿನಲ್ಲಿ ಒಬ್ಬರ ಹಿಂದೊಬ್ಬರು ಒತ್ತಿಕೊಂಡು ನಿಂತಿದ್ದಾರೆ. ಅವರ ಮೂಗಿನ ಮುಂದೆ ಲಾರಿ. ಮುಂದಿನ ಫೋಟೋ, ಇನ್ನೊಂದು ಲಾರಿ. ಮುಂದಿನದು, ಮತ್ತೊಂದು.

ಅಂದಾನಪ್ಪ ಕನ್ನಡಕ ಏರಿಸಿ ಪರದೆಯ ಮೂಲೆಯನ್ನು ನೋಡಿದರು. "ಸಾಹೇಬ್ರ, ಇಲ್ಲಿ ತಾರೀಖು ಎರಡು ಸಾವಿರದ ಇಸವಿ ಜನವರಿ ಒಂದು ಅಂತ ಐತ್ರಿ. ಆವಾಗ ಒಪ್ಪಂದ ಎಲ್ಲಿತ್ರಿ? ಒಂಬತ್ತು ವರ್ಷದ ಹಿಂದಿಂದು ತಂದು ತೋರಸಾಕತ್ತಾರ," ಅಂತ ನಕ್ಕರು.

"ಆ ಬೋರ್ಡಿಗೆ ಗಡಿಯಾರ ಇಲ್ರಿ!" ಅಂತ ಶೈಲಶ್ರೀ ಎದ್ದು ನಿಂತಳು.

"ಗಡಿಯಾರ ಇಲ್ಲದ್ದನ್ನ ಸಾಕ್ಷಿ ಅಂತ ತರ್ತಾರೇನ್ರಿ ಟೀಚರ್?"

ಸಾಹೇಬರು ಪೆನ್ನು ಕೆಳಗಿಟ್ಟರು. "ಮೇಡಂ, ಅವರು ಹೇಳೋದ್ರಲ್ಲೂ ಅರ್ಥ ಇದೆ. ತಾರೀಖು ಇಲ್ಲದೆ ನಾನೇನು ಮಾಡಲಿ?"

ಶೈಲಶ್ರೀ ಹಂಪೇಶನ ಕಡೆ ನೋಡಿದಳು. ಅವನು ತನ್ನ ಕಾಲ ಬೆರಳು ನೋಡಿಕೊಳ್ಳುತ್ತಿದ್ದ. ಒಂದು ತಿಂಗಳ ಓಡಾಟ, ಹಂಪಿ, ಕಂಪ್ಲಿ, ಟವೆಲ್ಲು, ಎಲ್ಲಾ ಮಣ್ಣುಪಾಲಾಯಿತು ಅನಿಸಿತು ಅವಳಿಗೆ. ಜನವರಿಗೆ ಇನ್ನು ಎಂಟು ದಿನ. ಅಷ್ಟರಲ್ಲಿ ಪರದೆಯ ಹತ್ತಿರ ಬಗ್ಗಿ ನೋಡುತ್ತಿದ್ದ ದ್ಯಾಮಕ್ಕ ಕೈ ಎತ್ತಿದಳು.

"ತಮ್ಮಾ, ತಡಿ. ಇನ್ನ ಸ್ವಲ್ಪ ಮುಂದ ಹೋಗು. ಲಾರಿ ಇಲ್ಲದ ದಿನ ಒಂದು ಇರ್ಬೇಕು ನೋಡು."

ಹಂಪೇಶ ಓಡಿಸಿದ. ರಾತ್ರಿಯ ಕಪ್ಪು ಫೋಟೋಗಳು, ಬೆಳಗು, ಮತ್ತೆ ಕಪ್ಪು, ಬೆಳಗು. ಎಂಟನೇ ಬೆಳಗಿಗೆ ರಸ್ತೆ ಖಾಲಿ. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು ಸಾಲಾಗಿ ಹೊಲದ ಕಡೆ ಹೊರಟಿದ್ದಾರೆ. ಎದುರಿನ ಪಂಕ್ಚರ್ ಅಂಗಡಿಯ ಮುಂದೆ ತೊಳೆದು ಹಾರ ಹಾಕಿದ ಲಾರಿಗಳು.

"ಇದು ಎಳ್ಳಮಾಸಿ ಅಲ್ಲೇನ್ರಿ? ಚರಗದ ಬುಟ್ಟಿ ಹೊತ್ತಾರ, ನೋಡ್ರಿ. ಈ ಮೂರನೇದಾಕಿ ನಾನ!" ಅಂದಳು ದ್ಯಾಮಕ್ಕ.

"ಎಳ್ಳಮಾಸಿ ವರ್ಷಾ ಬರ್ತೈತಿ," ಅಂತ ಅಂದಾನಪ್ಪ ಪರದೆಯತ್ತ ಬಗ್ಗಿದರು. ಬಗ್ಗಿದವರು ಅಲ್ಲೇ ನಿಂತರು. ಮುಖ ಅರಳಿತು. "ಅರೆ, ಇದು ನಮ್ಮ ಹೊಸಾ ಗಾಡಿ! ಸಾಹೇಬ್ರ, ನೋಡ್ರಿ ಇಲ್ಲಿ. ದೀಪಾವಳಿ ಪಾಡ್ಯಕ್ಕ ಮನಿಗೆ ಬಂದಿದ್ದು. ಆ ಹಾರ ಹೊಸಪೇಟಿಯಿಂದ ಕಟ್ಟಿಸಿಕೊಂಡು ನಾನ ಒಯ್ದಿದ್ದೆ. ಕಾಯಿ ಹಿಡಕೊಂಡು ನಿಂತಾಂವ ನಾನ!"

ಹಂಪೇಶ ಮೆಲ್ಲಗೆ ತಲೆ ಎತ್ತಿದ.

"ಈ ದೀಪಾವಳಿಗೆ ಬಂದ ಗಾಡಿ ಎರಡು ಸಾವಿರದ ಇಸವಿಯ ಫೋಟೋದಲ್ಲಿ ಹೇಗೆ ಬಂತು ಅಂದಾನಪ್ಪನವರೇ?" ಅಂದರು ಸಾಹೇಬರು.

ಅಂದಾನಪ್ಪನವರ ನಗು ಮೆಲ್ಲಗೆ ಇಳಿಯಿತು. ಜೇಬಿನಿಂದ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು. ಅದು ತಮ್ಮ ಗಾಡಿಯಲ್ಲ, ಕಣ್ಣು ಮಂಜಾಗಿತ್ತು ಅಂತ ಅನ್ನಬಹುದಿತ್ತು. ಅಂತಾರೆ ಅಂತಲೇ ಶೈಲಶ್ರೀ ಸೆರಗು ಬಿಗಿದು ತಯಾರಾಗಿ ನಿಂತಿದ್ದಳು. ಆದರೆ ಅವರು ಪರದೆಯ ಮೇಲೆ ಕಾಯಿ ಹಿಡಿದು ನಿಂತ ತಮ್ಮನ್ನೇ ಇನ್ನೊಮ್ಮೆ ನೋಡಿಕೊಂಡು ಕೂತುಬಿಟ್ಟರು.

"ಪೂಜಿ ಮಾಡಿದ್ದನ್ನ ಮಾಡಿಲ್ಲ ಅನ್ನಾಕ ನನ್ನ ಕೈಲಿ ಆಗಂಗಿಲ್ರಿ," ಅಂದರು. "ಹೋದ ವಾರದ್ದ ಇದು. ಬರಕೊಳ್ರಿ."

ಎಂಟನೇ ದಿನ ಎಳ್ಳಮಾಸಿ ಅಂತಾದ ಮೇಲೆ ಹಿಂದಿನ ಏಳು ದಿನ, ಮುಂದಿನ ಏಳು ದಿನ ಎಣಿಸುವುದು ಎಷ್ಟು ಹೊತ್ತಿನ ಕೆಲಸ? ಸಾಹೇಬರು ಅಲ್ಲೇ ಆರ್ಡರ್ ಬರೆಸಿದರು. ಜನವರಿ ಮೊದಲ ಸೋಮವಾರದಿಂದ ಒಂಬತ್ತರಿಂದ ಹತ್ತು, ನಾಲ್ಕರಿಂದ ಐದು, ನಾಗತಿಕಟ್ಟೆಯ ಆಚೀಚೆ ಎರಡು ಕಿಲೋಮೀಟರಿನಲ್ಲಿ ಅದಿರಿನ ಒಂದು ಲಾರಿಯೂ ಓಡಕೂಡದು. ಓಡಿದರೆ ಪರ್ಮಿಟ್ಟು ಹೋಗುತ್ತದೆ. ಶೈಲಶ್ರೀ ಹೊರಗೆ ಬಂದು ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಸಿಟ್ಟಿನದೋ ಪ್ರೀತಿಯದೋ ಅವನಿಗೂ ತಿಳಿಯಲಿಲ್ಲ. ದ್ಯಾಮಕ್ಕ ಮಾತ್ರ, "ಸೋಮವಾರ ಬರ್ಲಿ, ನೋಡ್ತೀನಿ," ಅಂತಷ್ಟೇ ಹೇಳಿ ಬಸ್ಸು ಹತ್ತಿದಳು.

ಸೋಮವಾರ ಬಂತು. ಶೈಲಶ್ರೀ ಎಂಟೂವರೆಗೇ ಬಂದು ಗೇಟಿನಲ್ಲಿ ನಿಂತಳು. ಒಂಬತ್ತು ಬಡಿಯಿತು. ಲಾರಿಗಳು ನಿಂತವು.

ಎಲ್ಲಿ ನಿಂತವು? ಶಾಲೆಯ ಮುಂದೆಯೇ ನಿಂತವು. ಗುಡ್ಡದ ಕಡೆಯ ಸಾಲು, ಪೇಟೆಯ ಕಡೆಯ ಸಾಲು, ಮೂತಿಗೆ ಬಾಲ ತಾಗಿಸಿಕೊಂಡು, ಕಣ್ಣು ಹಾಯುವಷ್ಟು ದೂರ. ಒಂದರ ಎಂಜಿನ್ನೂ ಆರಿಸಿಲ್ಲ. ಹೊಗೆ, ಧೂಳು, ಡಡಡಡ ಸದ್ದು. ಹತ್ತು ಗಂಟೆ ಆಗುವುದನ್ನೇ ಕಾಯುತ್ತ ಡ್ರೈವರುಗಳು ಸ್ಟೇರಿಂಗಿನ ಮೇಲೆ ಕಾಲು ಚಾಚಿ ಕೂತಿದ್ದಾರೆ. ಮಕ್ಕಳು ಆಚೆ ಬದಿಯಲ್ಲೇ ಸಿಕ್ಕಿಹಾಕಿಕೊಂಡಿದ್ದಾರೆ, ಚೀಲಗಳಷ್ಟೇ ಕಾಣುತ್ತಿವೆ.

ಶೈಲಶ್ರೀ ಗೇಟಿನ ಮುಂದಿನ ಲಾರಿಯ ಬಾಗಿಲು ಬಡಿದಳು. "ಏನ್ರಿ, ಬುದ್ಧಿ ಐತೇನ್ರಿ ನಿಮಗ? ಸಾಲಿ ಬಾಗಿಲಿಗೆ ತಂದು ನಿಲ್ಸೀರಿ?"

ಡ್ರೈವರು ಉಚ್ಚೆಂಗಪ್ಪ ಅಂತ, ಮಧ್ಯವಯಸ್ಸಿನವನು, ಕಿಟಕಿಯಿಂದ ಇಣುಕಿ ಕೈ ಮುಗಿದ. "ಆರ್ಡರ್ ಆಗೈತ್ರಿ ಮೇಡಂ. ಒಂಬತ್ತಕ್ಕ ಓಡಿದ್ರ ಪರ್ಮಿಟ್ ಹೋಗ್ತೈತಂತ. ಒಂಬತ್ತಕ್ಕ ನಾನು ಇಲ್ಲಿದ್ದೆ, ಇಲ್ಲೇ ನಿಂತೀನಿ. ಮುಂದ ಹೋಗಂದ್ರ ಓಡಿಸಿದಂಗ ಆಗ್ತೈತಿ. ಹೋಗ್ಲೇನ್ರಿ?"

ಏನು ಹೇಳಬೇಕು ಇವನಿಗೆ? ಹೋಗು ಅಂದರೆ ತಾನೇ ಬರೆಸಿದ ಆರ್ಡರ್ ತಾನೇ ಮುರಿದ ಹಾಗೆ. ನಿಲ್ಲು ಅಂದರೆ ಇದು. ಅಯ್ಯೋ ದೇವರೇ, ಈ ಜನಕ್ಕೆ ಹೇಳಿದ್ದನ್ನು ಮಾಡಲೂ ಬರುವುದಿಲ್ಲ, ಮಾಡದೆ ಇರಲೂ ಬರುವುದಿಲ್ಲ! ದ್ಯಾಮಕ್ಕ ಇವತ್ತು ಈ ಕಡೆ ಮುಖವನ್ನೂ ಹಾಕುವುದಿಲ್ಲ, ಮುಗಿಯಿತು ಸ್ನೇಹಾಳ ಹತ್ತನೇ ತರಗತಿ ಅಂತ ಅಂದುಕೊಂಡಳು.

ಆಗ ಲಾರಿಗಳ ಆಚೆಯಿಂದ ಧಡ್ ಧಡ್ ಅಂತ ತಗಡು ಬಡಿಯುವ ಸದ್ದು ಕೇಳಿತು. ಒಂದು ಎಂಜಿನ್ ಆರಿತು. ಮತ್ತೆ ಧಡ್ ಧಡ್. ಇನ್ನೊಂದು ಆರಿತು.

"ಆಫ್ ಮಾಡಲೇ! ಕೂಸು ದಾಟಾಕತ್ತೈತಿ, ಕಾಣವಲ್ದೇನು? ಆಫ್ ಮಾಡು ಅಂದೆ!"

ಎರಡು ಲಾರಿಗಳ ನಡುವಿನ ಸಂದಿಯಲ್ಲಿ ಅಡ್ಡಡ್ಡ ತೂರಿಕೊಂಡು ದ್ಯಾಮಕ್ಕ ಹೊರಬಂದಳು. ಕೈಯಲ್ಲಿ ಕಳೆ ತೆಗೆಯುವ ಕುರ್ಚಿಗಿ ಇತ್ತು, ಅದರ ಹಿಡಿಯಿಂದಲೇ ಪ್ರತಿ ಲಾರಿಗೂ ಬಡಿಯುತ್ತ ಬಂದಿದ್ದಳು. ಇನ್ನೊಂದು ಕೈಯಲ್ಲಿ ಸ್ನೇಹಾಳ ರಟ್ಟೆ. ಅವರ ಹಿಂದೆ ಉಳಿದ ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಅದೇ ಸಂದಿಯಿಂದ ಬರತೊಡಗಿದರು. ಎರಡು ತಿಂಗಳಲ್ಲಿ ಸ್ನೇಹಾ ಇಷ್ಟುದ್ದ ಬೆಳೆದಿದ್ದಳು. ಸಮವಸ್ತ್ರದ ಲಂಗ ಗಿಡ್ಡವಾಗಿತ್ತು.

ಶೈಲಶ್ರೀ ಎರಡು ತಿಂಗಳಿಂದ ಬೈದದ್ದೇ ಬೈದದ್ದು. ತಮ್ಮನಿಗೆ, ಅಂಜಿನಯ್ಯನಿಗೆ, ಬೋರ್ಡಿಗೆ, ಕರೆಂಟಿಗೆ. ಈಗ ಸ್ನೇಹಾಳ ಕೆಂಪು ಹಿಡಿದ ತಲೆಯ ಮೇಲೆ ಕೈಯಿಟ್ಟಳು, ಅಳು ಒತ್ತರಿಸಿಕೊಂಡು ಬಂತು.

"ಅಳಬ್ಯಾಡ್ರಿ ಟೀಚರ್," ಅಂದಳು ದ್ಯಾಮಕ್ಕ, ಹಿಂದೆ ತಿರುಗಿ ಸಾಲನ್ನು ನೋಡುತ್ತ. "ಜಲ್ದಿ ಒಳಗ ಕರಕೊಂಡು ಹೋಗ್ರಿ. ಹತ್ತಕ್ಕ ಮತ್ತ ಚಾಲೂ ಮಾಡ್ತಾರ."